ಉಪ್ಪಿಲ್ಲದ ಪುಡಿಗೆ ಅಕ್ಕನ ಶಾಬಾಸ್‌ಗಿರಿ

"ತಮ್ಮಾ, ಪುಡಿ ಭಾಳ ಛಲೋ ಆಗೇತಿ ನೋಡು. ಉಪ್ಪಂತೂ ಬರಾಬ್ಬರಿ ಬಿದ್ದೈತಿ!"

ಮೊನ್ನೆ ಗೊಳಸಂಗಿಯಿಂದ ನಮ್ಮಕ್ಕ ಫೋನಿನಲ್ಲಿ ಹೇಳಿದ ಮಾತಿದು. ನಾನು ಸಿಂದಗಿಯ ನಮ್ಮ ಮನೆಯ ಪಡಸಾಲೆಯಲ್ಲಿ ನಿಂತು, ಓಣಿಗೆಲ್ಲ ಕೇಳುವಂತೆ "ಅಕ್ಕನ ನಾಲಿಗಿಗೆ ರುಚಿ ಬಂತು" ಎಂದು ಕೂಗಿಬಿಟ್ಟೆ. ಅಡುಗೆಮನೆಯಿಂದ ಹೆಂಡತಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಅವಳ ಮುಖದಲ್ಲಿ ನಗು ಇರಲಿಲ್ಲ.

"ಆ ಪುಡಿಗೆ ನಾವು ಉಪ್ಪ ಹಾಕೇ ಇಲ್ಲಲ್ರಿ," ಅಂದಳು.

ಹೌದು. ಒಂದು ಹರಳೂ ಹಾಕಿರಲಿಲ್ಲ.

ಕಥೆ ಮೊದಲಿನಿಂದ ಹೇಳುತ್ತೇನೆ. ಅಕ್ಕನ ಗಂಟಲಲ್ಲಿ ಗಡ್ಡೆಯಾಗಿತ್ತು. ದೊಡ್ಡ ಆಸ್ಪತ್ರೆಗೆ ಹೋಗಿ ಕರೆಂಟ್ ಕೊಡಿಸಿದೆವು. (ರೇಡಿಯೇಷನ್ನಿಗೆ ನಮ್ಮ ಕಡೆ ಇರುವ ಹೆಸರು ಅದೇ. ಕೇಳಿದರೇ ಜೀವ ಝಲ್ಲೆನ್ನುತ್ತದೆ.) ಗಡ್ಡೆ ಕರಗಿತು. ಅದರ ಜೊತೆಗೆ ನಾಲಿಗೆಯ ರುಚಿಯೂ ಹೋಯಿತು.

ಡಾಕ್ಟರು ಸಮಾಧಾನದಿಂದಲೇ ಹೇಳಿದ್ದರು. ರುಚಿ ಕೆಲವರಿಗೆ ಬೇಗ ಬರುತ್ತದೆ, ಕೆಲವರಿಗೆ ತಡವಾಗುತ್ತದೆ, ಕೆಲವರಿಗೆ ಪೂರ್ತಿ ಬರುವುದೇ ಇಲ್ಲ. ಆದರೆ ಊಟ ಮಾತ್ರ ಬಿಡಬಾರದು. ಊಟ ಬಿಟ್ಟು ಮೈ ಇಳಿದರೆ ಆಮೇಲೆ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ ಎಂದಿದ್ದರು.

ನಮ್ಮಕ್ಕ ಎಂಥ ಉಣ್ಣುವ ಹೆಣ್ಣುಮಗಳು ಗೊತ್ತೆ? ಬಿಸಿ ಜೋಳದ ರೊಟ್ಟಿಯ ಮೇಲೆ ಕೆಂಪು ಖಾರ, ಅದರ ಮೇಲೆ ಎಣ್ಣೆ. ಬೀಗರ ಮನೆಗೆ ಹೋದರೂ "ಇದಕ್ಕಿನ್ನೊಂದೀಟ ಹುಳಿ ಬೇಕಿತ್ರಿ" ಎಂದು ಹೇಳಿಯೇ ಏಳುವವಳು. ಅಂಥವಳು ಈಗ ಎರಡು ತುತ್ತಿಗೆ ತಾಟು ಸರಿಸುತ್ತಿದ್ದಳು. "ಮಣ್ಣ ತಿಂದಂಗ ಆಗ್ತೈತೋ," ಅನ್ನುತ್ತಿದ್ದಳು. ಖಾರ ತಾಗಿದರೆ ಗಂಟಲು ಉರಿ. ಸವತೆಕಾಯಿ ಹೆರೆದು ಕೆನೆಮೊಸರಿನಲ್ಲಿ ಕಲಸಿ ಕೊಟ್ಟರೆ ಮಾತ್ರ, ತಂಪೆಂದು ಒಂದಿಷ್ಟು ಇಳಿಯುತ್ತಿತ್ತು.

ಆಗ ನನ್ನ ಮೊಬೈಲಿನಲ್ಲಿ ಒಂದು ವಿಡಿಯೋ ಬಂತು. ಯಾವುದೋ ದೇಶದ ಹೆಂಗಸು ಹಸಿ ತರಕಾರಿಗೆ ಕಲಸುವ ಕ್ರೀಮಿ ಸಲಾಡ್ ಡ್ರೆಸಿಂಗ್‌ಗೆ ಮನೆಯಲ್ಲೇ ಒಣ ಪುಡಿ ಮಾಡುತ್ತಿದ್ದಳು. ಒಣಗಿಸಿದ ಈರುಳ್ಳಿ, ಬೆಳ್ಳುಳ್ಳಿ, ಹಾಲಿನ ಪುಡಿ. ಕೊನೆಗೊಂದು ಹಸಿರು ಎಲೆ. ನೋಡಿದರೆ ನಮ್ಮ ಸಬ್ಬಸಿಗೆ! ಖಾರವೇ ಇಲ್ಲ, ಮೊಸರಿಗೆ ಕಲಸಿದರೆ ಮುಗಿಯಿತು. ಇದು ಅಕ್ಕನಿಗೆಂದೇ ಹುಟ್ಟಿದ ಪುಡಿ ಅನ್ನಿಸಿತು.

ಪ್ಯಾಕೆಟ್ ಸಿಗುತ್ತದೆಯೇ ಎಂದು ಬಜಾರಿನ ಅಂಗಡಿಯಲ್ಲಿ ಕೇಳಿದೆ. "ಸವತಿಕಾಯಿಗೆ ಪುಡಿ ಯಾಕ್ರೀ ಸರ? ನಿಂಬಿಹಣ್ಣ ಹಿಂಡ್ರಿ," ಎಂದು ಅಂಗಡಿಯವರು ನಕ್ಕರು. ಸರಿ, ನಾನೇ ಮಾಡುತ್ತೇನೆ ಎಂದು ಹಟಕ್ಕೆ ಬಿದ್ದೆ.

ಈರುಳ್ಳಿಯನ್ನು ತೆಳ್ಳಗೆ ಹೆಚ್ಚಿ ಮಾಳಿಗೆಯ ಮೇಲೆ ಹರವಿದೆ. ಬೆಳ್ಳುಳ್ಳಿಯನ್ನೂ ಹಾಗೆಯೇ. ನಮ್ಮ ಬಿಸಿಲಿಗೆ ಯಾವ ಮಷಿನ್ ಬೇಕು? ಸಬ್ಬಸಿಗೆಯನ್ನು ಮಾತ್ರ ಒಳಗೆ ನೆರಳಿನಲ್ಲಿ ಒಣಗಿಸಿದೆ. ಬಿಸಿಲಿಗಿಟ್ಟರೆ ಅದರ ಘಮ ಹೋಗುತ್ತದೆ. (ಇದು ಹೆಂಡತಿ ಹೇಳಿದ್ದು. ನಾನು ಹೇಳಿದ್ದು ಎಂದು ಎಲ್ಲರಿಗೂ ಹೇಳಿಕೊಂಡೆ.) ಎಲ್ಲ ಗರಿಗರಿಯಾದ ಮೇಲೆ ಒಂದಿಷ್ಟು ಹುರಿದ ಜೀರಿಗೆ ಹಾಕಿ ಮಿಕ್ಸರಿನಲ್ಲಿ ತಿರುವಿದೆ. ಹಾಲಿನ ಪುಡಿ ಬೆರೆಸಿದೆ. ಮೊಸರು ಗಟ್ಟಿಯಾಗಲಿ ಎಂದು ಪುಟಾಣಿ (ಹುರಿಗಡಲೆ) ಹಿಟ್ಟನ್ನೂ ಸೇರಿಸಿದೆ. ಮನೆಯೆಲ್ಲ ಘಮಘಮ. ಉಪ್ಪಿನ ಡಬ್ಬಿಗೆ ಕೈ ಹಾಕುವಾಗ ಹೆಂಡತಿ ಕೈ ಹಿಡಿದಳು.

"ಹೆಣ್ಣಮಗಳಿಗೆ ತೌರಮನಿಯಿಂದ ಉಪ್ಪ ಹೋಗಬಾರದ್ರಿ. ಆಕಿ ಉಣ್ಣೂ ಉಪ್ಪು ಆಕಿ ಮನೀದ ಆಗಬೇಕು. ಅತ್ತಿಯವರು ಯಾವತ್ತರ ಕಳಿಸಿದ್ರೇನು?"

ನಿಜ. ನಮ್ಮವ್ವ ಬದುಕಿರುವ ತನಕ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಹೀಗೆ ಚಟ್ನಿಪುಡಿ ಎಲ್ಲವನ್ನೂ ಅಕ್ಕನಿಗೆ ಉಪ್ಪಿಲ್ಲದೆಯೇ ಕಳಿಸುತ್ತಿದ್ದಳು. ಅಕ್ಕ ತನ್ನ ಮನೆಯಲ್ಲಿ ಉಪ್ಪು ಬೆರೆಸಿಕೊಳ್ಳುತ್ತಿದ್ದಳು. ನಿಮ್ಮ ಮನೆಗಳಲ್ಲಿ ಈ ಪದ್ಧತಿ ಇದೆಯೋ ಇಲ್ಲವೋ ಗೊತ್ತಿಲ್ಲ, ನಮ್ಮಲ್ಲಿ ಇದೆ. ಉಪ್ಪಿನ ಡಬ್ಬಿ ಮುಚ್ಚಿಟ್ಟೆ. ಪುಡಿಯ ಡಬ್ಬಿಯನ್ನು ಬಾಗೇವಾಡಿ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು, ಅಕ್ಕನ ಗಂಡ, ನಮ್ಮ ಮಾವನಿಗೆ ಅಲ್ಲಿಯ ಬಸ್ ಸ್ಟ್ಯಾಂಡಿಗೆ ಹೋಗಿ ತೆಗೆದುಕೊಳ್ಳಲು ಹೇಳಿದೆ. ಅಕ್ಕನಿಗೂ ಫೋನ್ ಮಾಡಿದೆ. "ಇದು ರೆಡಿ ಮಿಕ್ಸ್ ಅಕ್ಕಾ. ಮೊಸರಾಗ ಎರಡ ಚಮಚೆ ಕಲಸಿದ್ರ ಆತು" ಎಂದೆ.

ಅಲ್ಲೇ ತಪ್ಪಿದ್ದು. ಹಿಂಡಿ ಎಂದಿದ್ದರೆ ಅವಳಾಗಿಯೇ ಉಪ್ಪು ಹಾಕಿಕೊಳ್ಳುತ್ತಿದ್ದಳು. ರೆಡಿ ಮಿಕ್ಸ್ ಎಂದರೆ ಅದರಲ್ಲಿ ಎಲ್ಲ ಇರುತ್ತದೆ ಎಂದು ಯಾರಾದರೂ ತಿಳಿಯುತ್ತಾರೆ.

ಆ ಫೋನು ಬಂದ ದಿನ ಹೆಂಡತಿ ನನಗೆ ಧೈರ್ಯ ಹೇಳಿದಳು. "ಅಕ್ಕಾರು ತಾವ ಹಾಕ್ಕೊಂಡಿರಬೇಕು ತಗೋರಿ." ಇರಬಹುದು ಎಂದುಕೊಂಡೆ. ಆದರೆ ರಾತ್ರಿಯ ಊಟ ಸೇರಲಿಲ್ಲ. ಭಾನುವಾರ ಬೆಳಿಗ್ಗೆ ಬಸ್ ಹತ್ತಿ ಗೊಳಸಂಗಿಗೆ ಹೋದೆ.

ಮಧ್ಯಾಹ್ನ ಅಕ್ಕ ನನ್ನೆದುರಿಗೇ ಕಲಸಿದಳು. ಹೆರೆದ ಸವತೆಕಾಯಿ, ಕೆನೆಮೊಸರು, ಎರಡು ಚಮಚೆ ಪುಡಿ. ಉಪ್ಪಿನ ಬಟ್ಟಲು ಪಕ್ಕದಲ್ಲೇ ಇತ್ತು. ಅವಳ ಕೈ ಅದರ ಕಡೆ ಹೋಗಲಿಲ್ಲ. ಒಂದು ಚಮಚೆ ಬಾಯಿಗಿಟ್ಟು, ಕಣ್ಣು ಮುಚ್ಚಿ, "ಹಾಂ, ಏನ್ ರುಚಿ ಬಂದೈತೋ ತಮ್ಮಾ!" ಅಂದಳು. ನಾನೂ ತಿಂದೆ. ಸಪ್ಪೆ. ಬರೀ ಸಪ್ಪೆ. ಮಾವನ ಮುಖ ನೋಡಿದೆ. ಅವರು ತಲೆ ತಗ್ಗಿಸಿ ಉಣ್ಣುತ್ತಿದ್ದರು.

ಕೈ ತೊಳೆಯಲು ಹಿತ್ತಲಿಗೆ ಹೋದಾಗ ಮಾವ ಹಿಂದೆಯೇ ಬಂದರು. "ಉಪ್ಪಿಲ್ಲ ಅಂತ ನನಗ ಮೊದಲನೇ ದಿನಾನ ಗೊತ್ತಾತಪಾ. ಆಕಿ ಬಾಯಿ ತುಂಬ ಹೊಗಳಾಕತ್ತಿದ್ಲು. ಹೆಂಗ ಹೇಳಲಿ? ನಾನೂ ಛಲೋ ಐತಿ ಅಂದೆ," ಎಂದರು. ಹಿರಿಯ ಮನುಷ್ಯ, ನನ್ನ ಎದುರು ಎಂದೂ ಕಣ್ಣು ಒದ್ದೆ ಮಾಡಿಕೊಂಡವರಲ್ಲ. ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಲೇ ನಿಂತರು.

ಒಳಗೆ ಬಂದೆ. ಒಂದು ಚಿಟಿಕೆ ಉಪ್ಪು ತೆಗೆದು ಅಕ್ಕನ ಬಟ್ಟಲಿಗೆ ಹಾಕಿದೆ. ಅವಳು ನನ್ನ ಕೈ ನೋಡಿದಳು. ಆಮೇಲೆ ಮುಖ ನೋಡಿದಳು.

"ಉಪ್ಪಿದ್ದಿಲ್ಲೇನು ಅದರಾಗ?"

"ಇದ್ದಿಲ್ಲಕ್ಕಾ."

ಬಟ್ಟಲು ಕೆಳಗಿಟ್ಟಳು. ಆಮೇಲೆ ಸಿಟ್ಟಿಗೆದ್ದಳು. ನನಗೆ ಅಳು ನಿರೀಕ್ಷೆಯಿತ್ತು, ಸಿಟ್ಟಲ್ಲ.

"ಮತ್ತೇನ್ ಮಾಡ್ಲೋ? ದಿನಾ ಫೋನ್ ಹಚ್ಚಿ ಕೇಳ್ತೀ, ರುಚಿ ಬಂತೇನಕ್ಕಾ, ಬಂತೇನಕ್ಕಾ. ಇಲ್ಲ ಅಂದ್ರ ನಿನ್ನ ದನಿ ಇಳೀತೈತಿ. ಇಂಡಿ ಊರಿನ ಕಾಕಾ ಕೇಳ್ತಾನ. ಮುದ್ದೇಬಿಹಾಳದ ಚಿಗವ್ವ ಕೇಳಿ ಅಳ್ತಾಳ. ನನ್ನ ಬ್ಯಾನಿ ನಾ ತಡಕೋಬೇಕೋ, ನಿಮಗೆಲ್ಲಾ ಸಮಾಧಾನ ಹೇಳಕೋಂತ ಕೂಡಬೇಕೋ? ಬಂತು ಅಂದ್ಬಿಟ್ಟೆ. ಮನಿ ಒಂದೀಟ ಶಾಂತ ಆತು."

"ಹಂಗಾದ್ರ ಏನೂ ರುಚಿ ಹತ್ತೂದಿಲ್ಲೇನಕ್ಕಾ?"

"ಏನೂ ಇಲ್ಲ. ಬೆಣ್ಣಿ ತಿಂದ್ರೂ ಅಷ್ಟ, ಬೂದಿ ತಿಂದ್ರೂ ಅಷ್ಟ. ಉಳೀಬೇಕಲ್ಲ, ಅದಕ್ಕ ನುಂಗತೇನಿ."

ಇಷ್ಟು ಹೇಳಿ, ಉಪ್ಪು ಬಿದ್ದ ಆ ಬಟ್ಟಲನ್ನು ಎತ್ತಿಕೊಂಡು ಪೂರ್ತಿ ತಿಂದಳು. ಹೊಗಳಲಿಲ್ಲ. ಕಾಯಿಲೆಯವಳಿಗೆ ಪುಡಿ ಮಾಡಿ ಕಳಿಸಿ ಅವಳಿಂದ ಶಾಬಾಸ್‌ಗಿರಿ ಪಡೆದು, ಊರಿಗೆಲ್ಲ ಹೇಳಿಕೊಂಡು ತಿರುಗಿದೆನಲ್ಲ! ನಾನು ಕೇಳಿದ್ದು ಅವಳ ನಾಲಿಗೆಯ ಸುದ್ದಿಯನ್ನೋ, ನನಗೆ ನಿದ್ದೆ ಬರಿಸುವ ಸುದ್ದಿಯನ್ನೋ?

(ಮನೆಯ ಮಾತನ್ನು ಹೀಗೆ ಪೇಪರಿಗೆ ಹಾಕಬಹುದೇ ಎನ್ನಬೇಡಿ. ಅಕ್ಕನನ್ನು ಕೇಳಿಯೇ ಬರೆದಿದ್ದೇನೆ. "ಬರಿ. ಓದಿದವರಾದ್ರೂ ಕೇಳೂದು ಬಿಡ್ತಾರ," ಅಂದಳು.)

ಸಂಜೆ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಅಕ್ಕನ ಓಣಿಯ ಹಿರಿಯರೊಬ್ಬರು ಗುರುತು ಹಿಡಿದು ಹತ್ತಿರ ಬಂದರು. ಒಳ್ಳೆಯ ಮನುಷ್ಯ, ಕಳಕಳಿಯಿಂದಲೇ ಕೇಳಿದರು: "ಅಕ್ಕಾರು ಆರಾಮ ಆದ್ರೇನ್ರಿ?"

ಆಗಷ್ಟೇ ಅಕ್ಕನ ಬೈಗುಳ ತಿಂದು ಬಂದಿದ್ದೆ. ಆದರೂ ಬಾಯಿಂದ ಬಂದದ್ದು ಒಂದೇ ಮಾತು: "ಹೌದ್ರಿ, ಆರಾಮ ಆಗ್ಯಾಳ್ರಿ." ಅವರ ಮುಖ ಅರಳಿತು. ದೇವರು ದೊಡ್ಡವನು ಎಂದು ಕೈ ಮುಗಿದು ಹೋದರು.

ದಿನಕ್ಕೆ ಎಷ್ಟು ಸಲ "ಆರಾಮ ಅದೀರೇನ್ರಿ?" ಎಂದು ಕೇಳುತ್ತೇವೆ, ಎದುರಿನವರು ಒಮ್ಮೆ "ಇಲ್ರಿ" ಎಂದುಬಿಟ್ಟರೆ, ಅಲ್ಲಿ ನಿಂತು ಕೇಳಿಸಿಕೊಳ್ಳುವ ತಾಕತ್ತು ನಮ್ಮಲ್ಲಿ ಯಾರಿಗಿದೆ?