ಆಟದ ಇಟ್ಟಿಗೆ, ಅಪ್ಪನ ಸಜ್ಜೆ

ಬಿಸ್ಕತ್ತು ಮುಗಿದ ಮೇಲೂ ಬಿಸ್ಕತ್ತಿನ ಡಬ್ಬಿಗಳು ನಮ್ಮ ಮನೆಗಳಲ್ಲಿ ಬಹುಕಾಲ ಬಾಳುತ್ತವೆ. ಒಂದರಲ್ಲಿ ಸೂಜಿದಾರ, ಇನ್ನೊಂದರಲ್ಲಿ ಹಪ್ಪಳ, ಮತ್ತೊಂದರಲ್ಲಿ ಯಾರೂ ತೆರೆದು ಓದದ ಹಳೆಯ ಕಾಗದಗಳು. ಮೈಸೂರಿನ ಅಗ್ರಹಾರದ ವಠಾರವೊಂದರಲ್ಲಿ ನಾವಿದ್ದ ಎರಡು ಕೋಣೆಯ ಮನೆಯ ಅಟ್ಟದ ಮೇಲಿನ ಚೌಕ ಡಬ್ಬಿಯಲ್ಲಿ ಮಾತ್ರ ಇಟ್ಟಿಗೆಗಳಿದ್ದವು. ಕೆಂಪು, ಬಿಳಿ, ಹಳದಿ ಬಣ್ಣದ, ಬೆರಳ ಗೆಣ್ಣಿನಷ್ಟು ಉದ್ದದ ಪ್ಲಾಸ್ಟಿಕ್ ಇಟ್ಟಿಗೆಗಳು. ಅವುಗಳ ನೆತ್ತಿಯ ಮೇಲೆ ಸಾಲಾಗಿ ಪುಟ್ಟ ಉಬ್ಬುಗಳು, ಅಡಿಯಲ್ಲಿ ಆ ಉಬ್ಬುಗಳನ್ನು ಕಚ್ಚಿ ಹಿಡಿಯುವ ಪೊಳ್ಳು. ಒಂದರ ಮೇಲೊಂದನ್ನಿಟ್ಟು ಒತ್ತಿದರೆ ‘ಟಕ್’ ಎಂದು ಕೂತುಬಿಡುತ್ತಿದ್ದವು. ಆ ಸದ್ದನ್ನು ಕೇಳಿದವರಿಗೆ ನಾನು ಹೇಳುವುದು ಅರ್ಥವಾದೀತು: ಜಗತ್ತಿನಲ್ಲಿ ಒಂದು ಸಂಗತಿಯಾದರೂ ಸರಿಯಾದ ಜಾಗದಲ್ಲಿ ಕೂತಿತು ಎಂಬ ಸಣ್ಣ ಸಮಾಧಾನ ಅದರಲ್ಲಿರುತ್ತದೆ.

ನಮ್ಮಪ್ಪ ಗಾರೆ ಮೇಸ್ತ್ರಿ. ಹಳ್ಳಿಯ ಬೇಸಾಯದ ಮನೆಯಲ್ಲಿ ಹುಟ್ಟಿ, ಹದಿಹರೆಯದಲ್ಲೇ ಮೈಸೂರಿಗೆ ಬಂದು ಕರಣೆ ಹಿಡಿದವರು. ತೊಂಬತ್ತರ ದಶಕದ ಆರಂಭದಲ್ಲಿ ಲಕ್ಷ್ಮೀಪುರಂನ ಹಳೆಯ ಮನೆಯೊಂದಕ್ಕೆ ಕಾಂಪೌಂಡು ಕಟ್ಟಿಕೊಟ್ಟಾಗ, ಆ ಮನೆಯ ಅಜ್ಜಿ ತಮ್ಮ ಮೊಮ್ಮಕ್ಕಳು ಆಡಿ ಬಿಟ್ಟಿದ್ದ ಇಟ್ಟಿಗೆಗಳನ್ನು ಡಬ್ಬಿಗೆ ತುಂಬಿ, “ನಿಮ್ಮ ಮಗಳಿಗೆ ಕೊಡಿ ಮೇಸ್ತ್ರಿ, ಅಪ್ಪನ ಕಸುಬು ಕಲೀಲಿ” ಎಂದು ಕೊಟ್ಟರಂತೆ. ಆಗ ನನಗೆ ಎಂಟು ವರ್ಷ. ವಾರವೆಲ್ಲ ನಿಜದ ಇಟ್ಟಿಗೆ ಹೊತ್ತು ಬಂದ ಅಪ್ಪ ಭಾನುವಾರ ಚಾಪೆಯ ಮೇಲೆ ನನ್ನೆದುರು ಕೂತು, ಸುಣ್ಣ ಸಿಮೆಂಟು ತಿಂದು ಬಿರಿದ ಬೆರಳುಗಳಲ್ಲಿ ಆ ಹಗುರ ತುಣುಕುಗಳನ್ನು ಜೋಡಿಸುತ್ತಿದ್ದರು. ಕೂಡಿನ ಮೇಲೆ ಕೂಡು ಬರಬಾರದು, ಎರಡು ಇಟ್ಟಿಗೆ ಸೇರುವ ಸಂದಿಯ ನೆತ್ತಿಯ ಮೇಲೆ ಮೂರನೆಯದರ ನಡು ಕೂರಬೇಕು ಎಂಬ ಪಾಠವನ್ನು ನಾನು ಕಲಿತದ್ದು ಅಲ್ಲಿಯೇ. ಹೈಸ್ಕೂಲು ಸೇರಿದ ಮೇಲೆ ಡಬ್ಬಿ ಅಟ್ಟ ಸೇರಿತು. ಯಾವಾಗ ಹತ್ತಿಸಿಟ್ಟೆ ಎಂಬುದೂ ನೆನಪಿಲ್ಲ; ಬಾಲ್ಯ ಮುಗಿದ ದಿನವನ್ನು ಯಾರು ತಾನೇ ಗುರುತು ಹಾಕಿಟ್ಟುಕೊಂಡಿರುತ್ತಾರೆ?

ನನಗೆ ಇಪ್ಪತ್ತು ತುಂಬಿದ ವರ್ಷ ಅಪ್ಪ ದಟ್ಟಗಳ್ಳಿಯ ಹೊಸ ಬಡಾವಣೆಯಲ್ಲಿ ಒಂದು ಮನೆ ಕಟ್ಟುತ್ತಿದ್ದರು. ಗೃಹಪ್ರವೇಶಕ್ಕೆ ಹನ್ನೆರಡು ದಿನವಿರುವಾಗ ಮುಂಬದಿಯ ಕಿಟಕಿಯ ಮೇಲಿನ ಕಾಂಕ್ರೀಟಿನ ಸಜ್ಜೆ ಕಳಚಿ ಬಿತ್ತು. ಅದರ ಮೇಲೆ ನಿಂತಿದ್ದ ಅಪ್ಪನ ತೊಡೆಯ ಮೂಳೆ ಮುರಿಯಿತು. ಕೆಳಗೆ ಗಾರೆ ಕಲಸುತ್ತಿದ್ದ ಮಾದೇವಮ್ಮನ ಬಲಗಾಲಿನ ಮೇಲೆ ಸಜ್ಜೆಯ ತುಂಡು ಬಿದ್ದು, ಆಸ್ಪತ್ರೆಯಲ್ಲಿ ಅವರ ಪಾದದ ಮುಂಭಾಗವನ್ನು ತೆಗೆಯಬೇಕಾಯಿತು. ಮಾದೇವಮ್ಮ ಹತ್ತು ವರ್ಷದಿಂದ ಅಪ್ಪನ ಜೊತೆಯಲ್ಲೇ ಕೆಲಸ ಮಾಡಿದವರು. ನನ್ನ ತಲೆ ಬಾಚಿ ಹೂ ಮುಡಿಸಿದವರು.

ಅಪ್ಪನ ಮೂಳೆ ಕೂಡಿತು, ಮಾತು ಮಾತ್ರ ಕೂಡಲಿಲ್ಲ. ಹೇಗೆ ಬಿತ್ತು ಎಂದು ಕೇಳಿದವರಿಗೆಲ್ಲ “ಬಿತ್ತು” ಎಂಬ ಒಂದೇ ಪದ. ಕೋಲೂರಿಕೊಂಡು ನಡೆಯಬಲ್ಲವರಾದರೂ ವಠಾರದ ನಲ್ಲಿಯಿಂದಾಚೆಗೆ ಹೋಗುತ್ತಿರಲಿಲ್ಲ. ಕರಣೆ, ರಸಮಟ್ಟ, ತೂಗುಗುಂಡು ಎಲ್ಲವನ್ನೂ ಗೋಣಿಚೀಲದಲ್ಲಿ ಕಟ್ಟಿ ಮಂಚದ ಕೆಳಗೆ ತಳ್ಳಿದ್ದರು. ಮಾದೇವಮ್ಮನನ್ನು ನೋಡಿಬರೋಣ ಎಂದು ಅವ್ವ ಎರಡು ಸಲ ಹೇಳಿದಳು. ಅಪ್ಪ ಗೋಡೆಯ ಕಡೆ ಮಗ್ಗುಲಾದರು. ಅವ್ವ ಒಬ್ಬಳೇ ಹೋಗಿಬಂದಳು. ನಾನು ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದೆ. ಹೀಗೇ ಎರಡು ವರ್ಷ ಕಳೆಯಿತು.

ಒಂದು ಭಾನುವಾರ ಅಟ್ಟ ಗುಡಿಸುವಾಗ ಡಬ್ಬಿ ಸಿಕ್ಕಿತು. ಪಕ್ಕದ ಮನೆಯ ಹೆಣ್ಣುಮಗುವಿಗೆ ಕೊಡೋಣವೆಂದುಕೊಂಡು ಇಟ್ಟಿಗೆಗಳನ್ನು ಬಕೆಟ್ಟಿನಲ್ಲಿ ತೊಳೆದು ಚಾಪೆಯ ಮೇಲೆ ಹರಡಿದೆ. ಒಣಗಿದವೇ ಎಂದು ನೋಡಲು ಒಂದನ್ನು ಎತ್ತಿಕೊಂಡೆ. ಎತ್ತಿಕೊಂಡದ್ದನ್ನು ಇನ್ನೊಂದರ ಮೇಲೆ ಒತ್ತಿದೆ. ಟಕ್ ಎಂದಿತು. ಬಾಗಿಲ ಕಡೆ ನೋಡಿ, ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಮತ್ತೊಂದನ್ನು ಒತ್ತಿದೆ. ದೊಡ್ಡವರಿಗೆ ಆಟವೆಂದರೆ ಎಂಥದೋ ನಾಚಿಕೆ, ಏನಾದರೂ ಕದ್ದಂತೆ. ಆದರೆ ದಿನವಿಡೀ ಬೇರೆಯವರ ಕಣ್ಣಿಗೆ ಗಾಜು ಕೂರಿಸುವ ನನ್ನ ಬೆರಳುಗಳು ಅಂದು, ಯಾರಿಗೂ ಬೇಡದ, ಯಾರೂ ಕೇಳದ ಒಂದು ಗೋಡೆಯನ್ನು ಎಬ್ಬಿಸುತ್ತ ಎಷ್ಟೋ ಕಾಲದಿಂದ ಹಿಡಿದಿಟ್ಟಿದ್ದ ಉಸಿರನ್ನು ಬಿಟ್ಟಂತೆ ಸಡಿಲಗೊಂಡವು. ಸಂಜೆಯ ಹೊತ್ತಿಗೆ ಮಗುವಿಗೆ ಕೊಡುವ ಯೋಚನೆಯನ್ನೇ ಬಿಟ್ಟಿದ್ದೆ. ಅದಕ್ಕೊಂದು ಗೊಂಬೆ ತಂದುಕೊಟ್ಟು ನನ್ನ ಸ್ವಾರ್ಥಕ್ಕೆ ಸಮಾಧಾನ ಹೇಳಿಕೊಂಡೆ.

ಅಲ್ಲಿಂದ ಪ್ರತಿ ಭಾನುವಾರವೂ ಊಟವಾದ ಮೇಲೆ ಚಾಪೆ ಹಾಸಿದೆ. ಸೇತುವೆ ಕಟ್ಟಿದೆ, ಗಡಿಯಾರದ ಗೋಪುರ ಕಟ್ಟಿದೆ, ಕೆಡವಿದೆ. ಕೆಡವುವುದರಲ್ಲಿ ದುಃಖವಿಲ್ಲದ ಕಟ್ಟಡ ಅದೊಂದೇ ಇರಬೇಕು; ನಿನ್ನೆಯ ಗೋಪುರದ ಪ್ರತಿಯೊಂದು ಇಟ್ಟಿಗೆಯೂ ಒಂದು ಗೀರೂ ಇಲ್ಲದೆ ಇಂದಿನ ಸೇತುವೆಗೆ ಬರುತ್ತದೆ. ನಮ್ಮ ಬದುಕಿನ ಕಟ್ಟಡಗಳಿಗೆ ಆ ಭಾಗ್ಯವಿಲ್ಲ ಎಂದು ಮಂಚದ ಮೇಲೆ ಸೂರು ನೋಡುತ್ತ ಮಲಗಿರುತ್ತಿದ್ದ ಅಪ್ಪನನ್ನು ಕಂಡಾಗಲೆಲ್ಲ ಅನಿಸುತ್ತಿತ್ತು.

ನಾಲ್ಕನೆಯ ಭಾನುವಾರವೋ ಐದನೆಯದೋ, ಏನೋ ಯೋಚಿಸುತ್ತ ಉದ್ದ ಗೋಡೆಯೊಂದನ್ನು ಎಬ್ಬಿಸುತ್ತಿದ್ದೆ.

“ಕೂಡಿನ್ ಮ್ಯಾಲೆ ಕೂಡು ಬಂದದೆ ನೋಡು ಮಗ.”

ಬೆಚ್ಚಿ ತಿರುಗಿದೆ. ಅಪ್ಪ ಮೊಣಕೈ ಊರಿ ಎದ್ದು ನೋಡುತ್ತಿದ್ದರು.

“ಎಲ್ಲಪ್ಪ?”

“ಆ ಬಿಳೀದ್ರ ತಾವು. ಸೀಳ್ಕಂಡೋಯ್ತದೆ ಗೋಡೆ. ಅರ್ಧ ಇಟ್ಟಿಗೆ ಕೊಡು ಅಲ್ಲಿಗೆ.”

ಅರ್ಧ ಇಟ್ಟಿಗೆ ಕೊಟ್ಟೆ. ಅಡುಗೆಮನೆಯ ಬಾಗಿಲಲ್ಲಿ ಅವ್ವ ಸೌಟು ಹಿಡಿದುಕೊಂಡು ನಿಂತೇ ಇದ್ದಳು. ಮುಂದಿನ ವಾರ ಅಪ್ಪ ಮಂಚದಿಂದ ಚಾಪೆಗಿಳಿದರು. ಕೂಡಿದ ಕಾಲನ್ನು ಉದ್ದಕ್ಕೆ ಚಾಚಿ, ಇನ್ನೊಂದನ್ನು ಮಡಿಸಿ, ನಾನು ಎಂಟು ವರ್ಷದವಳಾಗಿದ್ದಾಗ ಕೂರುತ್ತಿದ್ದಂತೆಯೇ ಕೂತರು. ಮಾತು ಹೆಚ್ಚೇನೂ ಇರುತ್ತಿರಲಿಲ್ಲ. ‘ಕೊಡು’, ‘ಅದಲ್ಲ, ಉದ್ದದ್ದು’, ‘ಹೂಂ’. ಆದರೂ ಇಬ್ಬರು ಸೇರಿ ಒಂದು ಗೋಡೆಯನ್ನು ಎತ್ತುವಾಗ ನಡೆಯುವ ಸಂಭಾಷಣೆಗೆ ಪದಗಳ ಹಂಗು ಕಡಿಮೆ.

ಒಂದು ಮಧ್ಯಾಹ್ನ ಒಂದು ಅಂತಸ್ತಿನ ಮನೆ ಕಟ್ಟಿ, ಕಿಟಕಿಯ ಮೇಲೆ ನಾನು ಯೋಚಿಸದೆಯೇ ಎರಡು ಉದ್ದನೆಯ ಚಪ್ಪಟೆ ತುಣುಕುಗಳನ್ನು ಮುಂದಕ್ಕೆ ಚಾಚಿ ಕೂರಿಸಿದೆ. ಸಜ್ಜೆ. ಕೂರಿಸಿದ ಮೇಲೆ ಮಾಡಿದ್ದೇನೆಂದು ಹೊಳೆದು ಕೈ ಹಿಂದೆಗೆದೆ. ಅಪ್ಪ ಬಹಳ ಹೊತ್ತು ನೋಡಿದರು. ಆಮೇಲೆ ತೋರುಬೆರಳನ್ನು ಅದರ ತುದಿಯ ಮೇಲಿಟ್ಟು ಒತ್ತಿದರು. ಅದು ಅಲುಗಲಿಲ್ಲ.

“ಇದು ಇಟ್ಟೇಟ್ಗೆ ಕಚ್ಕತದೆ. ಕಾಂಕ್ರೀಟು ಅಂಗಲ್ಲ ಕಣವ್ವ. ಅದ್ಕೆ ದಿನ ಬೇಕು, ನೀರು ಕುಡೀಬೇಕು. ಅಲ್ಲೀಗಂಟ ಕೆಳಗೆ ಸೆಂಟ್ರಿಂಗು ಹೊತ್ಕಂಡಿರ್ಬೇಕು.”

ಸೆಂಟ್ರಿಂಗು ಎಂದರೆ ಹಸಿ ಕಾಂಕ್ರೀಟು ಗಟ್ಟಿಯಾಗುವವರೆಗೆ ಕೆಳಗಿನಿಂದ ಹೊತ್ತು ನಿಲ್ಲುವ ಹಲಗೆ, ಮರದ ಕಂಬಗಳು. ಅಪ್ಪ ಬೆರಳನ್ನು ಆ ತುದಿಯಲ್ಲೇ ಇಟ್ಟುಕೊಂಡು ಮುಂದುವರಿಸಿದರು.

“ಮನೆಯವರು ಗೃಹಪ್ರವೇಶಕ್ಕೆ ಬಣ್ಣ ಆಗ್ಬೇಕು, ಬಿಚ್ಚಿ ಮೇಸ್ತ್ರಿ ಬಿಚ್ಚಿ ಅಂದ್ರು. ಇನ್ನೂ ಒಂದು ವಾರ ಬುಡ್ಬೇಕು ಅಂತ ನಂಗೆ ಗೊತ್ತಿತ್ತು. ಮಾದೇವಮ್ಮನೂ ಅಂದ್ಲು, ಬ್ಯಾಡಿ ಮೇಸ್ತ್ರಿ, ಹಸಿ ಅದೆ ಅಂತ. ಏನಾಗಲ್ಲ ಬುಡು ಅಂದು ನಾನೇ ಬಿಚ್ಬುಟ್ಟೆ. ಮ್ಯಾಲೆ ಹತ್ತಿ ನಿಂತ್ಕಂಡು, ನೋಡು ಎಷ್ಟು ಗಟ್ಟಿ ಅದೆ ಅಂತ ಅವಳಿಗೆ ತೋರಿಸ್ತಿದ್ದೆ.”

ಎರಡು ವರ್ಷ ‘ಬಿತ್ತು’ ಎಂಬ ಒಂದು ಪದದ ಕೆಳಗೆ ಹೂತಿಟ್ಟಿದ್ದದ್ದು ಇದು. ಅಪ್ಪ ಅಳಲಿಲ್ಲ. ಚಪ್ಪಟೆ ತುಣುಕುಗಳೆರಡನ್ನೂ ಮೆಲ್ಲಗೆ ಬಿಡಿಸಿ ನನ್ನ ಅಂಗೈಯಲ್ಲಿಟ್ಟರು. ತಪ್ಪನ್ನು ತಪ್ಪೆಂದು ಹೇಳಿಕೊಂಡವರಿಗೆ ಸಮಾಧಾನ ಹೇಳಹೊರಡುವುದು ಒಂದು ಬಗೆಯ ಅವಮಾನ ಎಂದು ಆ ಕ್ಷಣ ತೋರಿತು. “ಮಾದೇವಮ್ಮನ ಮನೆಗೆ ಹೋಗೋಣಪ್ಪ” ಎಂದಷ್ಟೇ ಅಂದೆ. ಅಪ್ಪ ಕೋಲಿಗೆ ಕೈ ಚಾಚಿ, “ಆಟೋ ಹೇಳು” ಎಂದರು.

ಊರಂಚಿನ ಸಣ್ಣ ಶೀಟಿನ ಮನೆ. ಮಾದೇವಮ್ಮ ಹೊರಗೆ ಕೂತು ಹೂ ಕಟ್ಟುತ್ತಿದ್ದರು. ಅದೇ ಈಗ ಅವರ ಕೆಲಸ. ಅಪ್ಪನನ್ನು ಕಂಡು ಏಳಲಿಲ್ಲ. ಕೂರಿ ಎಂದೂ ಅನ್ನಲಿಲ್ಲ. ಅಪ್ಪ ಕೋಲೂರಿ ನಿಂತೇ ಹೇಳಿದರು.

“ನೀನು ಬ್ಯಾಡ ಅಂದಿದ್ದೆ ಕಣಮ್ಮ. ನಾನು ಕೇಳ್ನಿಲ್ಲ. ನನ್ನಿಂದ ಹೋಯ್ತು ನಿನ್ನ ಕಾಲು.”

ಮಾದೇವಮ್ಮ ದಾರವನ್ನು ಬೆರಳಿಗೆ ಸುತ್ತಿ ನಿಲ್ಲಿಸಿದರು. “ಅದು ನಂಗೆ ಅವತ್ತೇ ಗೊತ್ತು ಮೇಸ್ತ್ರಿ. ಬಿದ್ದದ್ದಕ್ಕೆ ಅಷ್ಟು ಸಿಟ್ಟಿರ್ನಿಲ್ಲ. ಎರಡು ವರ್ಸ ಈ ಕಡೆ ತಲೆ ಹಾಕ್ನಿಲ್ವಲ್ಲ, ಅದ್ಕೆ ಅದೆ ಸಿಟ್ಟು. ಇವಾಗ್ಲೂ ಅದೆ.”

“ಇರ್ಲಿ ಕಣಮ್ಮ. ಇರ್ಬೇಕಾದ್ದೇ.”

ಮಾದೇವಮ್ಮ ಬೆರಳಿಗೆ ಸುತ್ತಿದ್ದ ದಾರ ಬಿಡಿಸಿ, ಹೊಸಿಲಿನ ಕಡೆ ಗದ್ದ ಎತ್ತಿ ತೋರಿಸಿದರು.

“ಈ ಮೆಟ್ಲು ಬಲು ಎತ್ತರ ಆಗದೆ ನಂಗೆ. ಅರ್ಧ ಕಾಲಲ್ಲಿ ಹತ್ತಕಾಗಲ್ಲ. ದಿನಾ ಕುಂತ್ಕಂಡು ತೆವಳ್ತೀನಿ.”

ಅಪ್ಪ ಬಗ್ಗಿ, ಗೇಣು ಹಾಕಿ ಮೆಟ್ಟಿಲನ್ನು ಅಳೆದರು.

ಮರುದಿನ ಮಂಚದ ಕೆಳಗಿನ ಗೋಣಿಚೀಲ ಹೊರಬಂತು. ಅಪ್ಪ ಮಾದೇವಮ್ಮನ ಹೊಸಿಲ ಮುಂದೆ ಮಣೆಯ ಮೇಲೆ ಕೂತು ಗಾರೆ ಹಾಕಿದರು. ನಾನು ಅಂಗಡಿಗೆ ರಜೆ ಹೇಳಿ ಇಟ್ಟಿಗೆ ಎತ್ತಿಕೊಟ್ಟೆ. ಎಷ್ಟು ಭಾರ! ಮೇಸ್ತ್ರಿಯ ಮಗಳಾಗಿಯೂ ನಿಜದ ಇಟ್ಟಿಗೆ ಹಿಡಿದದ್ದು ಅಂದೇ ಮೊದಲು. ಹಳೆಯ ಮೆಟ್ಟಿಲಿನ ಮುಂದೆ ಅದರರ್ಧ ಎತ್ತರದ ಅಗಲವಾದ ಇನ್ನೊಂದು ಮೆಟ್ಟಿಲು ಸಂಜೆಯೊಳಗೆ ಆಯಿತು. ಮಾದೇವಮ್ಮ ಕಾಲಿಡಲು ಬಂದಾಗ ಅಪ್ಪ ಕೋಲು ಅಡ್ಡ ಹಿಡಿದರು.

“ಇವತ್ತು ಬ್ಯಾಡ.”

ನೀರು ಹಾಕಲು ಅವರ ಮನೆಯಲ್ಲೇ ಜನವಿದ್ದರು. ಆದರೂ ಏಳು ದಿನ, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ, ಎರಡು ಬಸ್ಸು ಬದಲಿಸಿ, ಕುಂಟುತ್ತ ಹೋಗಿ, ಅಪ್ಪ ತಮ್ಮ ಕೈಯಾರೆ ಆ ಮೆಟ್ಟಿಲಿಗೆ ನೀರು ಕುಡಿಸಿ ಬಂದರು. ಎಂಟನೆಯ ದಿನ ನಾನೂ ಜೊತೆಗೆ ಹೋದೆ. ಅಪ್ಪ ಮೊದಲು ತಾವು ಮೆಟ್ಟಿಲ ಮೇಲೆ ನಿಂತರು, ಕೋಲಿನಿಂದ ನಾಲ್ಕು ಮೂಲೆಯನ್ನೂ ಕುಟ್ಟಿ ನೋಡಿದರು, ಇಳಿದು ಪಕ್ಕಕ್ಕೆ ಸರಿದರು. ಮಾದೇವಮ್ಮ ಗೋಡೆಗೆ ಕೈ ಕೊಟ್ಟು, ತಮ್ಮ ಅರ್ಧ ಪಾದವನ್ನು ಅದರ ಮೇಲಿಟ್ಟು, ಒಂದು ಕ್ಷಣ ತಡೆದು, ಇನ್ನೊಂದನ್ನೂ ಎತ್ತಿಟ್ಟರು. ಆಮೇಲೆ ಹೊಸಿಲು ದಾಟಿ ಒಳಗೆ ಹೋದರು. ಒಳಗಿನಿಂದಲೇ, ತಿರುಗಿ ನೋಡದೆ, “ಕಾಫಿ ಇಡ್ತೀನಿ, ಕೂತ್ಕಳಿ ಮೇಸ್ತ್ರಿ” ಎಂದರು.