ಗಂಟಲು ರಜೆ ಮಾಡಿದ್ದು

ಅವನು ಅವಳಿಗೆ ಕೊಡಬೇಕಾದ ಬಾಕಿ ಮುನ್ನೂರ ಹನ್ನೆರಡು ದಿನ. ಮೂರು ವರ್ಷದ ಶನಿವಾರ, ಭಾನುವಾರಗಳು. ನಡುವೆ ಜ್ವರ ಬಂದು ನಾಲ್ಕು ಭಾನುವಾರ ಮನೆಯಲ್ಲೇ ಬಿದ್ದುಕೊಂಡಿದ್ದನ್ನು ಜಮಾ ಹಿಡಿಯಬೇಕೆಂದು ಅವನು ವಾದಿಸಿ ನೋಡಿದ. "ಅವತ್ತು ರಜೆ ನಿನಗಿತ್ತು, ಡ್ಯೂಟಿ ನನಗಿತ್ತು" ಎಂದು ಅವಳು ತಳ್ಳಿಹಾಕಿದಳು.

ಅವನು ಬಿಸ್ಕತ್ತು ಕಾರ್ಖಾನೆಯಲ್ಲಿ ಒಲೆ ನೋಡಿಕೊಳ್ಳುವವನು, ಕಾರ್ಮಿಕ ಸಂಘದ ಕಾರ್ಯದರ್ಶಿ. ಮೈಕು ಕೆಟ್ಟರೂ ಅವನ ಭಾಷಣ ಗೇಟಿನಿಂದ ಗೋದಾಮಿನವರೆಗೆ ಕೇಳಿಸುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅವನು 'ಗಂಟಲು'. ವಾರಕ್ಕೆ ಎರಡು ದಿನ ರಜೆ ಬೇಕೆಂದು ಹದಿನಾಲ್ಕು ತಿಂಗಳು ಗುದ್ದಾಡಿ, ಎರಡು ಸಲ ಪೊಲೀಸರ ಏಟು ತಿಂದು, ಗೆದ್ದ ತಂಡಕ್ಕೆ ಮುಂದಾಳು ಅವನೇ. ಗೆದ್ದ ಮೊದಲ ಶನಿವಾರ ನಾನೂರು ಜನ ಮಧ್ಯಾಹ್ನದ ತನಕ ಗೊರಕೆ ಹೊಡೆದರು. ಗಂಟಲು ಮಾತ್ರ ಏಳಕ್ಕೇ ಹೋಗಿ ಸಂಘದ ಆಫೀಸಿನ ಬಾಗಿಲು ತೆಗೆದು ಕೂತ. ಅಲ್ಲಿಂದಾಚೆ ಅದೇ ಚಟ. ಊರಿಗೆಲ್ಲ ರಜೆ ಹಂಚಿ ತನ್ನ ಪಾಲು ಎತ್ತಿಕೊಳ್ಳಲು ಮರೆತ ಮಹಾನುಭಾವ!

ಅವಳು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. "ಉಸಿರು ಬಿಗಿ ಹಿಡೀರಿ, ಅಲ್ಲಾಡಬೇಡಿ" ಎಂದರೆ ಕುಡಿದು ಬಿದ್ದು ಕೈ ಮುರಿದುಕೊಂಡವನೂ ಕಲ್ಲಾಗುತ್ತಿದ್ದ. ಅವಳ ಮಾತಿಗೆ ನಿಲ್ಲದವನು ಜಗತ್ತಿನಲ್ಲಿ ಒಬ್ಬನೇ, ಅವನು ಮನೆಯಲ್ಲಿದ್ದ. ಇಬ್ಬರೂ ಐವತ್ತರ ಆಚೀಚೆ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಮೂರು ವರ್ಷದಿಂದ ಒಟ್ಟಿಗಿದ್ದರು. ಮದುವೆ ನೋಂದಣಿಗೆ ಎರಡು ಬಾರಿ ದಿನ ಗೊತ್ತುಮಾಡಿದ್ದೂ ಉಂಟು. ಒಂದು ಸಲ ಧರಣಿ ಅಡ್ಡ ಬಂತು, ಇನ್ನೊಂದು ಸಲ ಗೇಟ್ ಸಭೆ. ಅವಳು ಸೀರೆ ಉಟ್ಟು ನೋಂದಣಿ ಕಚೇರಿಯ ಬೆಂಚಿನ ಮೇಲೆ ಮೂರು ಗಂಟೆ ಕೂತು ವಾಪಸು ಬಂದಿದ್ದಳು.

ಒಂದು ಗುರುವಾರ ಅವಳು ಕಾಗದವೊಂದನ್ನು ತಂದು ಅವನ ತಟ್ಟೆಯ ಪಕ್ಕದಲ್ಲಿಟ್ಟಳು. ಬಸ್ಸಿನಲ್ಲಿ ಎಂಟು ತಾಸು ದೂರದ ದೊಡ್ಡ ಆಸ್ಪತ್ರೆಗೆ ವರ್ಗ. ಒಪ್ಪಿಗೆಯೋ ಇಲ್ಲವೋ ಎಂದು ಸೋಮವಾರ ಬೆಳಿಗ್ಗೆ ಹತ್ತಕ್ಕೆ ಬರೆದುಕೊಡಬೇಕು.

"ಹೋಗ್ತೀಯಾ?" ಎಂದ. ತಟ್ಟೆ ಪಕ್ಕಕ್ಕೆ ಸರಿಸಿದ.

"ಇಲ್ಲಿದ್ರೂ ಒಬ್ಬಳೇ, ಅಲ್ಲಿದ್ರೂ ಒಬ್ಬಳೇ. ಅಲ್ಲಿ ಮೆಷಿನ್ನಾದ್ರೂ ಹೊಸದು" ಎಂದಳು. ಆಮೇಲೆ ಸ್ವಲ್ಪ ಇಳಿದು, "ಈ ಶನಿವಾರ, ಭಾನುವಾರ ಮನೇಲಿರು. ನನ್ನ ಜೊತೆ. ಏನೂ ಮಾಡಬೇಡ, ಸುಮ್ನಿರು. ನಿನ್ನ ಕೈಲಿ ಆಗುತ್ತಾ ನೋಡ್ತೀನಿ."

ಏನೂ ಮಾಡದಿರುವುದು! ಅದಕ್ಕೂ ತಯಾರಿ ಬೇಡವೇ? ಹಳೆಯ ಕರಪತ್ರದ ಬೆನ್ನಿಗೆ ಅವನು ಕಾರ್ಯಸೂಚಿ ಬರೆದ. ಶನಿವಾರ ಐದಕ್ಕೇ ಎದ್ದು, ಅವಳು ಏಳುವ ತನಕ ಎರಡು ಗಂಟೆ ಮಂಚದ ತುದಿಯಲ್ಲಿ ಬಸ್ಸು ಕಾಯುವವನ ಹಾಗೆ ಕೂತ. ಅವಳು ಕಣ್ಣು ಬಿಟ್ಟದ್ದೇ ತಡ, ಚಹಾ ಕೈಗಿಟ್ಟು ಓದಿದ: "ಎಂಟರಿಂದ ಒಂಬತ್ತು, ತಿಂಡಿ. ಒಂಬತ್ತರಿಂದ ಹತ್ತೂವರೆ, ಪರಸ್ಪರ ಮಾತುಕತೆ. ಹತ್ತೂವರೆಯಿಂದ..."

"ಮುತ್ತು ಕೊಡೋದು ಎಷ್ಟನೇ ವಿಷಯ?"

"ಅದು... ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರ ವಿಷಯಗಳಲ್ಲಿ ಬರುತ್ತೆ."

ಅವಳು ನಕ್ಕ ನಗೆಗೆ ಚಹಾ ಹಾಸಿಗೆಯ ಮೇಲೆ ಚೆಲ್ಲಿತು. ಅವಳು ಹಾಗೆ ನಕ್ಕು ಎಷ್ಟು ದಿನವಾಗಿತ್ತೆಂದು ಅವನಿಗೆ ನೆನಪಾಗಲಿಲ್ಲ. ಪರವಾಗಿಲ್ಲ, ರಜೆ ಮಾಡುವುದು ಅಂಥ ಬ್ರಹ್ಮವಿದ್ಯೆಯೇನಲ್ಲ ಎಂದು ಎದೆ ಉಬ್ಬಿಸಿಕೊಂಡ.

ಹತ್ತೂವರೆಗೆ ಕೈ ತುರಿಸತೊಡಗಿತು. ತೊಟ್ಟಿಕ್ಕದ ನಲ್ಲಿಯನ್ನು ಬಿಚ್ಚಿ ತೊಟ್ಟಿಕ್ಕುವಂತೆ ಮಾಡಿದ. ಕುರ್ಚಿಗಳನ್ನು ಸಾಲಾಗಿ ಜೋಡಿಸಿದ. ಇದ್ದದ್ದೇ ಎರಡು. ಮಧ್ಯಾಹ್ನ ಊಟವಾದ ಮೇಲೆ ಅವಳು ಅವನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಾಗ, ಪಾಪ, ಅರ್ಧ ಗಂಟೆ ಅಲ್ಲಾಡಲಿಲ್ಲ. ಕಾಲು ಜೋಮು ಹಿಡಿದು ಬೆರಳು ಎಲ್ಲಿದೆಯೆಂದೇ ತಿಳಿಯದಾದರೂ ಹಲ್ಲು ಕಚ್ಚಿ ಕೂತ. ಉಪವಾಸ ಸತ್ಯಾಗ್ರಹಕ್ಕಿಂತ ಇದು ಕಷ್ಟವೆಂದು ಅವನ ಅಭಿಪ್ರಾಯ.

ಕೆಟ್ಟದ್ದು ನಾಲ್ಕು ಗಂಟೆಗೆ.

"ನಾಳೆ ಹತ್ತರ ತನಕ ಮಲಗೋಣ. ಆಮೇಲೆ ಕೊಳದ ಹತ್ತಿರ ಹೋಗಿ ಕೂರೋಣ" ಎಂದಳು.

"ಆಗಲಿ. ಹನ್ನೊಂದಕ್ಕೆ ಒಂದೇ ಒಂದು ಅರ್ಧ ಗಂಟೆ ಆಫೀಸಿಗೆ ಹೋಗಿ..."

"ಬೇಡ."

"ಅರ್ಧ ಗಂಟೆ, ಅಷ್ಟೇ."

"ಬೇಡ ಅಂದೆ."

ಇಲ್ಲಿ ಬೇರೆ ಯಾವ ಗಂಡಸಾದರೂ ಬಾಯಿ ಮುಚ್ಚುತ್ತಿದ್ದ, ಇಲ್ಲವೇ ಕಾಲಿಗೆ ಬೀಳುತ್ತಿದ್ದ. ಸಂಘದ ಸಭೆಗಳಲ್ಲೇ ಪಳಗಿದವನನ್ನು ಮೂವತ್ತು ವರ್ಷದ ಅಭ್ಯಾಸ ಎಲ್ಲಿ ಬಿಡುತ್ತದೆ? ಅವನು ಮತಕ್ಕೆ ಹಾಕಿದ!

"ಭಿನ್ನಾಭಿಪ್ರಾಯ ಇದೆ. ಆಫೀಸಿನ ಪರ ಇರೋರು ಕೈ ಎತ್ತಿ" ಎಂದು ತಾನೇ ಕೈ ಎತ್ತಿದ. "ವಿರೋಧ ಇರೋರು?"

ಅವಳು ಅವನನ್ನೇ ನೋಡುತ್ತ ನಿಧಾನವಾಗಿ ಕೈ ಎತ್ತಿದಳು.

"ಒಂದಕ್ಕೊಂದು. ಸಮ ಬಂದಾಗ ಅಧ್ಯಕ್ಷರ ಮತವೇ ನಿರ್ಣಾಯಕ."

"ಅಧ್ಯಕ್ಷರು ಯಾರು?"

"ಸಭೆ ಕರೆದವರು" ಎಂದು ಬಾಯಿಂದ ಉದುರಿದ ಮೇಲೆ ಅದನ್ನು ಹಿಡಿದು ಒಳಗೆ ತುರುಕುವಂತಿರಲಿಲ್ಲ.

ಅವಳು ಜಗಳವಾಡಲಿಲ್ಲ. ದಿಂಬು, ವರ್ಗದ ಕಾಗದ, ಒಂದು ಪೆನ್ನು ತೆಗೆದುಕೊಂಡು ತಾರಸಿಗೆ ಹತ್ತಿದಳು. ಅವಳ ಕೈಯಲ್ಲಿನ ಪೆನ್ನು ಕಂಡು ಅವನು ಕೆಳಗೇ ಕೂತುಬಿಟ್ಟ. ಮಾಲೀಕರು ಕಾರ್ಖಾನೆಗೆ ಬೀಗ ಜಡಿದಾಗಲೂ ಅವನು ಇಷ್ಟು ಹೆದರಿರಲಿಲ್ಲ. ಆಗ ಜೊತೆಗೆ ನಾನೂರು ಜನ ಇದ್ದರು.

ಕಾಲು ಗಂಟೆ ಕಳೆದು ಮೆಟ್ಟಿಲು ಹತ್ತಿದ. ಅವಳು ನೀರಿನ ತೊಟ್ಟಿಗೆ ಒರಗಿ ಕೂತಿದ್ದಳು. ಕಾಗದದ ಮೇಲೆ ಇನ್ನೂ ಏನೂ ಬರೆದಿರಲಿಲ್ಲ.

"ನನ್ನ ಕಷ್ಟ ನಿನಗೆ ಗೊತ್ತು" ಎಂದು ಶುರುಮಾಡಿದ. "ಭಾನುವಾರವೇ ಸೂಪರ್‌ವೈಸರ್ ಒಬ್ಬೊಬ್ಬರಿಗೇ ಫೋನ್ ಮಾಡಿ ಕೆಲಸಕ್ಕೆ ಕರೆಯೋದು. 'ನಿಮ್ಮಿಷ್ಟ, ಬಲವಂತ ಇಲ್ಲ' ಅಂತ ಮೂಗಿಗೆ ತುಪ್ಪ ಸವರ್ತಾನೆ. ಇವತ್ತು ನಾಲ್ಕು ಜನ ಹೋದ್ರೆ ಮುಂದಿನ ತಿಂಗಳು ನಾನೂರು ಜನರ ರಜೆ ಹೋಗುತ್ತೆ. ನಾನು ಕೂತಿರಲಿಲ್ಲ ಅಂದ್ರೆ..."

"ಹದಿನಾಲ್ಕು ತಿಂಗಳು ಹೋರಾಡಿದ್ದು ನೀನೊಬ್ಬನೇನಾ?"

"ಅಲ್ಲ."

"ಮತ್ತೆ ಕಾಯೋದಕ್ಕೆ ಯಾಕೆ ನೀನೊಬ್ಬನೇ?"

ಇದ್ದ ಉತ್ತರ ಹೇಳಲು ನಾಚಿಕೆ. ಕೊನೆಗೆ ಹೇಳಿಯೇಬಿಟ್ಟ.

"ಯಾರಾದ್ರೂ 'ಅಣ್ಣಾ, ನೀನಿಲ್ದಿದ್ರೆ ಆಗಲ್ಲ' ಅಂದ್ರೆ ನನಗೆ ಹಿತವಾಗುತ್ತೆ ಕಣೇ."

"ಗೊತ್ತು. ಆ ಮಾತು ನಾನು ಒಂದು ಸಲಾನೂ ಅನ್ನಲಿಲ್ಲ, ಅದಕ್ಕೇ ನೀನು ನನ್ನ ಹತ್ತಿರ ಕೂರಲ್ಲ" ಎಂದಳು. ದಿಂಬನ್ನು ಅರ್ಧ ಸರಿಸಿದಳು. ಅವನು ಕೂತ. ಕತ್ತಲಾಗುವ ತನಕ ಇಬ್ಬರೂ ಅಲ್ಲೇ ಕೂತಿದ್ದರು.

ಭಾನುವಾರ ಹತ್ತಕ್ಕೆ ಇಬ್ಬರೂ ಹಾಸಿಗೆಯಲ್ಲೇ ಇದ್ದಾಗ ಫೋನು ಬಂತು. ಪ್ಯಾಕಿಂಗ್ ವಿಭಾಗದ ಹೆಂಗಸು. "ಅಣ್ಣಾ, ಸೂಪರ್‌ವೈಸರ್ ಹನ್ನೆರಡು ಜನಕ್ಕೆ ಫೋನ್ ಮಾಡಿದಾನಂತೆ. ಆಫೀಸ್ ನೋಡಿದ್ರೆ ಬೀಗ! ಎಲ್ಲಿದೀಯಾ?"

ಅವನ ಒಂದು ಕಾಲು ಆಗಲೇ ಮಂಚದಿಂದ ಕೆಳಗಿಳಿದಿತ್ತು. ಅವಳು ತಡೆಯಲಿಲ್ಲ, ಬೆನ್ನು ತಿರುಗಿಸಲೂ ಇಲ್ಲ. ಸುಮ್ಮನೆ ನೋಡುತ್ತಿದ್ದಳು. ಆ ಕಾಲನ್ನು ಮೇಲೆ ಎಳೆದುಕೊಳ್ಳುವುದರಲ್ಲಿ ಅವನಿಗೆ ಬೆವರಿಳಿಯಿತು.

"ನೀನೇ ಬಾಗಿಲು ತೆಗಿ ಅಕ್ಕಾ. ಬಂದು ಬೀಗದ ಕೈ ಇಸ್ಕೊಂಡು ಹೋಗು. ಹನ್ನೆರಡು ಜನಕ್ಕೂ ನೀನೇ ಫೋನ್ ಮಾಡು."

"ನಾನಾ? ನಂಗೆಲ್ಲಿ ಬರುತ್ತೆ ಭಾಷಣ?"

"ಬೈಯೋಕೆ ಬರುತ್ತಾ?"

"ಓ, ಅದು ಬರುತ್ತೆ."

"ಸಾಕು, ನಾನೂ ಅಷ್ಟೇ ಮಾಡ್ತಿದ್ದಿದ್ದು."

ಬೀಗದ ಕೈ ಇಸಿದುಕೊಳ್ಳಲು ಬಂದವಳು ಬಾಗಿಲಲ್ಲೇ ನಿಂತು, ಒಳಗಿನ ಕೆದರಿದ ಹಾಸಿಗೆ, ಇವನ ಬನಿಯನ್ನು, ಎಲ್ಲ ನೋಡಿ, "ಅತ್ತಿಗೇ, ಅಣ್ಣನಿಗೆ ಹುಷಾರಿಲ್ವಾ?" ಎಂದು ಕೇಳಿದಳು.

"ಇವತ್ತು ಪರವಾಗಿಲ್ಲ" ಎಂದಳು ಅವಳು.

ಕೊಳದ ದಂಡೆಯಲ್ಲಿ ಬೇಯಿಸಿದ ಮೊಟ್ಟೆ, ಬ್ರೆಡ್ಡು ತಿನ್ನುತ್ತ ಕೂತರು. ಅವನು ಗಳಿಗೆಗೊಮ್ಮೆ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದ. ಎರಡು ಗಂಟೆಗೆ ಸುದ್ದಿ ಬಂತು: ಹನ್ನೆರಡರಲ್ಲಿ ಹೋದವನು ಒಬ್ಬನೇ, ಅವನೂ ಊಟದ ಹೊತ್ತಿಗೆ ಹೆಂಡತಿಯ ಬೈಗುಳ ತಾಳಲಾರದೆ ವಾಪಸು. ಇವನು ಕೂತ ಭಾನುವಾರಗಳಲ್ಲಿ ಕಡಿಮೆಯೆಂದರೆ ಮೂವರು ಜಾರಿಕೊಳ್ಳುತ್ತಿದ್ದರು. "ಬಹಳ ಸಂತೋಷ ಅಕ್ಕಾ" ಎಂದು ಫೋನಿಟ್ಟ. ಮುಖ ಮಾತ್ರ ಇಂಗು ತಿಂದ ಮಂಗನ ಹಾಗಾಗಿತ್ತು.

"ಹೊಟ್ಟೆಕಿಚ್ಚಾ?" ಎಂದಳು.

"ಸ್ವಲ್ಪ."

ಅವಳು ಚೀಲದಿಂದ ಕಾಗದ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡು ಬರೆದಳು. ಅವನು ಕತ್ತು ಚಾಚಿ ಓದಿದ. ಮನೆಯ ಕಾರಣದಿಂದ ಮೂರು ತಿಂಗಳ ಕಾಲಾವಕಾಶ ಕೋರಿದ್ದಳು.

"ಬರೋದಿಲ್ಲ ಅಂತಲೇ ಬರೀಬಹುದಿತ್ತಲ್ಲ?"

"ಎರಡು ದಿನ ಕೂತಿದ್ದಕ್ಕೆ ಆಸ್ತಿ ಬರೆದುಕೊಡ್ಲಾ, ಪುಣ್ಯಾತ್ಮ? ಹನ್ನೆರಡು ಭಾನುವಾರ ನೋಡ್ತೀನಿ. ಒಂದು ತಪ್ಪಿದ್ರೂ ಬಸ್ಸು ಹತ್ತಿಬಿಡ್ತೀನಿ."

ಅವಳು ತಮಾಷೆ ಮಾಡುತ್ತಿಲ್ಲ ಎಂಬುದು ಅವನಿಗೆ ಗೊತ್ತು. ಪ್ಯಾಕಿಂಗಿನ ಅಕ್ಕನಿಗೆ ಹಾಸಿಗೆ ಹಿಡಿದ ಅತ್ತೆಯಿದ್ದಾಳೆ. ತಿಂಗಳಿಗೆ ಎರಡು ಭಾನುವಾರಕ್ಕಿಂತ ಹೆಚ್ಚು ಕೂರಲಾರೆ ಎಂದು ಮರುದಿನ ಸೋಮವಾರವೇ ಹೇಳಿಬಿಟ್ಟಿದ್ದಾಳೆ. ಉಳಿದ ಎರಡಕ್ಕೆ ಗಂಟಲು ನೋಟಿಸು ಬೋರ್ಡಿನಲ್ಲಿ ಹೆಸರು ಕೇಳಿ ಚೀಟಿ ಅಂಟಿಸಿ ವಾರವಾಯಿತು. ಅದನ್ನು ನೂರಾರು ಜನ ಓದಿದರು, ಹಲವರು "ಪಾಪ, ಅಣ್ಣನಿಗೂ ರಜೆ ಬೇಕು" ಎಂದು ಕನಿಕರಿಸಿದರು. ಹೆಸರು ಬರೆದವರು ಯಾರೂ ಇಲ್ಲ.

ಇಷ್ಟು ಹೊತ್ತು ಅವನನ್ನು ನೋಡಿ ನಕ್ಕಿರಿ, ನಗಿ, ಅವನೂ ನಗುತ್ತಾನೆ. ಆದರೆ ಇನ್ನೊಬ್ಬರು ಏಟು ತಿಂದು ತಂದ ರಜೆಯಲ್ಲಿ ಕಾಲು ಚಾಚಿ ಮಲಗಿ ಇದನ್ನು ಓದುತ್ತಿರುವವರು ನೀವು. ಆಫೀಸಿನಲ್ಲಿ ಒಂದು ಮೇಜು, ಒಂದು ಫೋನು, ಕುಂಟುವ ಕುರ್ಚಿ ಇದೆ. ಎರಡನೆಯ ಭಾನುವಾರ ಖಾಲಿ, ನಾಲ್ಕನೆಯದೂ ಖಾಲಿ. ಬೆಳಿಗ್ಗೆ ಹತ್ತರಿಂದ ಎರಡರ ತನಕ. ಕನಿಕರ ಬೇಡ. ಯಾವ ಭಾನುವಾರ ಬಂದು ಕೂರುತ್ತೀರಿ, ಹೇಳಿ.