ಹಲಸೂರಿನಲ್ಲಿಟ್ಟ ಗಂಟು

ನಮ್ಮ ದೊಡ್ಡಬಳ್ಳಾಪುರದ ಮೇಲೆ ಈಗ ಹಗಲು ರಾತ್ರಿ ಎನ್ನದೆ ವಿಮಾನಗಳು ಹೋಗುತ್ತವೆ. ದೇವನಹಳ್ಳಿಯಲ್ಲಿ ಇಳಿಯುವುದಕ್ಕೆಂದು ಅವು ತಗ್ಗಿದಾಗ ಅಡುಗೆಮನೆಯ ಸ್ಟ್ಯಾಂಡಿನಲ್ಲಿ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತವೆ. ಪಕ್ಕದಲ್ಲಿ ಕೂತು ಕೂಗಿದರೂ ನನ್ನ ಕಿವಿಗೆ ಬೀಳುವುದಿಲ್ಲ, ಈ ಸದ್ದು ಮಾತ್ರ ಬೀಳುತ್ತದೆ. "ನಿಮಗೆ ಬೇಕಾದ್ದು ಮಾತ್ರ ಕೇಳ್ಸುತ್ತೆ ಬಿಡಿ ಅತ್ತೆ" ಎಂದು ಸೊಸೆ ಹಂಗಿಸುತ್ತಾಳೆ. ಬೇಕಾದ್ದಲ್ಲ ಕಣಮ್ಮ, ಬೇಡವಾದ್ದು.

ನಿನ್ನೆ ಬೆಳಿಗ್ಗೆ ಹಾಗೆ ಲೋಟ ಅಲುಗಿದಾಗ ನಮ್ಮ ದೊಡ್ಡಪ್ಪ ನೆನಪಾದರು. ವಿಮಾನಕ್ಕೂ ಮಗ್ಗ ಹೊಡೆಯುವ ಮುದುಕನಿಗೂ ಏನು ಸಂಬಂಧ ಎನ್ನುತ್ತೀರೇನೋ. ಇದೆ, ನಿಧಾನವಾಗಿ ಹೇಳುತ್ತೇನೆ. ನನಗಂತೂ ಅವಸರವಿಲ್ಲ, ನಿಮಗಿದ್ದರೆ ಎದ್ದು ಹೋಗಿ, ಬೇಜಾರಿಲ್ಲ.

ಅಪ್ಪ ತೀರಿಕೊಂಡ ಮೇಲೆ ಅಣ್ಣನನ್ನೂ ನನ್ನನ್ನೂ ಸಾಕಿದವರು ಈ ದೊಡ್ಡಪ್ಪ. ವಾರ ತಿಥಿ ನೋಡದೆ ಅವರು ಕ್ಷೌರಕ್ಕೂ ಕೂರುತ್ತಿರಲಿಲ್ಲ. ಅಣ್ಣ ಅದಕ್ಕೆ ತದ್ವಿರುದ್ಧ. ಯುದ್ಧದ ಕಾಲದಲ್ಲಿ ನೂಲು ಸಿಗದೆ ಮಗ್ಗಗಳು ನಿಂತಾಗ ದೊಡ್ಡಪ್ಪನ ಜೊತೆ ಜಗಳವಾಡಿ, ಮಿಲಿಟರಿ ಲಾರಿ ರಿಪೇರಿ ಮಾಡುವ ಕೆಲಸಕ್ಕೆ ಸೇರಿ, ಒಂದು ಗುರುವಾರ ಎದ್ದು ಹೊರಟೇಬಿಟ್ಟ. ಬೆಂಗಳೂರು ನಮಗೆ ದಕ್ಷಿಣ. ಗುರುವಾರ ದಕ್ಷಿಣಕ್ಕೆ ಶೂಲೆ, ಅಂದರೆ ಆ ದಿನ ಆ ದಿಕ್ಕಿಗೆ ಹೊರಟರೆ ಕೇಡು ಎಂದು ನಂಬಿಕೆ. "ಗುರುವಾರ ಹೋದ್ನಲ್ಲೇ! ನಾನೂ ಸಿಟ್ಟಲ್ಲಿ ತಡೀಲಿಲ್ವಲ್ಲೇ!" ಎಂದು ದೊಡ್ಡಪ್ಪ ಎಷ್ಟು ಸಲ ಹಲುಬಿದರೋ. ಅತ್ತಿಗೆ ಆಗ ಬಸುರಿ. ಹೆಣ್ಣು ಮಗು ಹುಟ್ಟಿ ಅಂಬೆಗಾಲಿಟ್ಟರೂ ಅಣ್ಣನಿಗೆ ರಜೆ ಸಿಕ್ಕಲಿಲ್ಲ.

ಹೀಗಿರುವಾಗ ಪಕ್ಕದೂರಿನ ಸಿಪಾಯಿಯೊಬ್ಬ, ಅಣ್ಣನ ಜೊತೆಗಾರ, ತಾಯಿಗೆ ಹುಷಾರಿಲ್ಲವೆಂದು ರಜೆಯ ಮೇಲೆ ಬಂದವನು, ನಮ್ಮನೆಗೂ ಬಂದು ಸುದ್ದಿ ಹೇಳಿದ.

"ಶನಿವಾರ ಹೊತ್ತು ಹುಟ್ಟುತ್ಲೂ ಬೆಂಗಳೂರ್ ಏರೋಡ್ರೋಮಿಂದ ನಮ್ಮನ್ನ ಬರ್ಮಾ ಕಡೆಗೆ ಕಳಿಸ್ತಾರೆ. ಊರಿಗೆ ಬಿಡಕಿಲ್ಲ. ಅದಕ್ಮುಂಚೆ ಗೇಟ್ ಹತ್ರ ಬಂದ್ರೆ ಒಂದ್ಗಳಿಗೆ ಮಾತಾಡ್ಬೋದು. ಮಗೂನ ಕರ್ಕೊಂಬರಾಕೆ ಹೇಳು ಅಂದವ್ನೆ."

ಅತ್ತಿಗೆ ಒಳಗೆ ಓಡಿದಳು. ಅಳುವುದಕ್ಕೆಂದುಕೊಂಡೆ. ಅಲ್ಲ, ಮಗುವಿನ ಕುಲಾವಿ ಒಗೆಯುವುದಕ್ಕೆ.

ಅಂದಿನಿಂದ ನಮ್ಮನೆಯಲ್ಲಿ ಪ್ರಯಾಣದ್ದೇ ಮಾತು. ಬೆಂಗಳೂರಿನಲ್ಲಿ ಚಿಕ್ಕಪೇಟೆ ದಾಟಿ ಕಾಲಿಡದ ದೊಡ್ಡಪ್ಪ ಪಡಸಾಲೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಇಡೀ ಊರನ್ನೇ ಬರೆದರು. ಚೊಂಬು ರೈಲ್ವೆ ಸ್ಟೇಷನ್ನು. ಅಡಕತ್ತರಿ ಕಬ್ಬನ್‌ಪೇಟೆಯ ನೆಂಟರ ಮನೆ. ಆಚೆಗೆ ದಂಡು, ಅದರಾಚೆ ಒಂದು ಮಣೆ ಇಟ್ಟು ಏರೋಡ್ರೋಮು ಎಂದರು. ಶುಕ್ರವಾರ ರೈಲಿನಲ್ಲಿ ಹೋಗಿ ನೆಂಟರ ಮನೆಯಲ್ಲಿದ್ದು, ಬೆಳಗಾಗುವ ಮುಂಚೆ ಜಟಕಾ ಹತ್ತುವುದು ಎಂದು ತೀರ್ಮಾನವಾಯಿತು. ನಾನೂ ದೊಡ್ಡ ಮಂತ್ರಿಯ ಹಾಗೆ "ಜಟಕಾದವನು ಬರದಿದ್ದರೆ? ಕುದುರೆ ಕುಂಟಿದರೆ?" ಎಂದು ಅಡ್ಡಪ್ರಶ್ನೆ ಹಾಕುತ್ತಿದ್ದೆ. ಇಷ್ಟರಲ್ಲಿ ಮಗು ಅಂಬೆಗಾಲಿಡುತ್ತಾ ಬಂದು, ಚೊಂಬು ಉರುಳಿಸಿ, ದಂಡನ್ನೆಲ್ಲ ಒರೆಸಿ, ಮಣೆಯ ಮೇಲೆ ಕೂತುಬಿಟ್ಟಿತು. "ಅಯ್ಯೋ ಕಳ್ಳಿ! ನಮ್ಗಿಂತ ಮುಂಚೆ ಹೋಗ್ಬಿಟ್ಯಾ ನಿಮ್ಮಪ್ಪನ್ ನೋಡಕ್ಕೆ!" ಎಂದರು ದೊಡ್ಡಪ್ಪ. ಅತ್ತಿಗೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ಆಮೇಲೆ ನಾನು ನೋಡಲಿಲ್ಲ.

ಶುಕ್ರವಾರ ಮಧ್ಯಾಹ್ನ ಕಬ್ಬನ್‌ಪೇಟೆಗೆ ತಲುಪಿದೆವು. ನೆಂಟರೇ ಜಟಕಾ ಗೊತ್ತು ಮಾಡಿದ್ದರು. ಕಾಫಿ ಕುಡಿಯುತ್ತಾ ದೊಡ್ಡಪ್ಪ ಸುಮ್ಮನೆ ಕೇಳಿದರು, "ಏರೋಡ್ರೋಮು ಇಲ್ಲಿಂದ ಯಾವ ದಿಕ್ಕಪ್ಪಾ?"

"ಹಲಸೂರು ದಾಟಿ ಸೀದಾ ಮೂಡ್ಲಾಗಿ."

ದೊಡ್ಡಪ್ಪ ಕಾಫಿ ಲೋಟ ಕೆಳಗಿಟ್ಟರು. ಇಷ್ಟು ದಿನ ಅವರು ನೋಡಿದ್ದು ಊರಿನಿಂದ ಬೆಂಗಳೂರಿನ ದಿಕ್ಕನ್ನು ಮಾತ್ರ. ಬೆಂಗಳೂರಿನೊಳಗೆ ಇನ್ನೊಂದು ದಿಕ್ಕಿರುತ್ತದೆ ಎಂಬುದು ಅವರಿಗೆ ಹೊಳೆದೇ ಇರಲಿಲ್ಲ. ಶನಿವಾರ ಪೂರ್ವಕ್ಕೆ ಶೂಲೆ. ಇದಕ್ಕೆ ಪರಿಹಾರವುಂಟು, ಪರಸ್ತಾನ ಎನ್ನುತ್ತೇವೆ. ಹಿಂದಿನ ದಿನವೇ ಪ್ರಯಾಣಿಕರ ಬಟ್ಟೆಯ ಗಂಟನ್ನು ಹೋಗುವ ದಾರಿಯ ಯಾರದಾದರೂ ಮನೆಯಲ್ಲಿ ಇಟ್ಟು ಬಂದರೆ ಪ್ರಯಾಣ ಅಂದೇ ಶುರುವಾದ ಹಾಗೆ. ಮರುದಿನ ಗಂಟು ಎತ್ತಿಕೊಂಡು ಮುಂದೆ ಹೋಗುವುದು. ದೊಡ್ಡಪ್ಪ ಅತ್ತಿಗೆಯದೊಂದು ಸೀರೆ, ಮಗುವಿನದೊಂದು ಅಂಗಿ, ಒಂದು ಹಿಡಿ ಅಕ್ಕಿ, ಅರಿಶಿನದ ಕೊಂಬು ಕಟ್ಟಿಕೊಂಡು, ಆ ವಯಸ್ಸಿನಲ್ಲಿ ನಡೆದೇ ಹೋಗಿ, ಹಲಸೂರಿನ ಪರಿಚಯದವರ ಮನೆಯಲ್ಲಿಟ್ಟು ಬಂದರು. ಬಂದ ಮೇಲೆ ಕಾಲು ಒತ್ತಿಕೊಳ್ಳುತ್ತಾ, "ಇನ್ನು ಭಯವಿಲ್ಲ ಕಣಮ್ಮಾ" ಎಂದು ಅತ್ತಿಗೆಗೆ ಹೇಳಿದರು.

ಬೆಳಿಗ್ಗೆ ಕತ್ತಲಿರುವಾಗಲೇ ಜಟಕಾ ಬಂತು, ಕುದುರೆ ಕುಂಟಲಿಲ್ಲ. ಹಲಸೂರಿಗೆ ಬಂದರೆ ಆ ಮನೆಗೆ ಬೀಗ. ಎದುರುಮನೆಯ ಹೆಂಗಸು ಕಸ ಗುಡಿಸುತ್ತಿದ್ದಳು. "ಹೊಸಕೋಟೆಲಿ ಅವ್ರ ಭಾವ ತೀರ್ಕೊಂಡ್ರಂತೆ, ರಾತ್ರೋರಾತ್ರಿ ಹೋದ್ರು. ಬೀಗದ್ಕೈ ಹಿಂದಿನ ಬೀದಿಲಿ ಅವ್ರ ತಮ್ಮನ ಮನೇಲೈತೆ" ಎಂದಳು.

"ಮಾವ, ಬಿಟ್ಬಿಡಿ. ಒಂದ್ ಸೀರೆ ತಾನೆ, ಹೋಗೋಣ" ಎಂದಳು ಅತ್ತಿಗೆ.

"ಸೀರೆ ಅಲ್ಲ ಕಣಮ್ಮಾ. ಪರಸ್ತಾನ ಬಿಟ್ಟು ಮುಂದಕ್ಕೆ ಹೋದ್ರೆ ಅವ್ನಿಗೇ ಕೇಡು. ಒಂದ್ಸಲ ಕೆಟ್ಟದ್ದು ಸಾಲ್ದಾ? ಈಗ ತಂದ್ಬಿಡ್ತೀನಿ."

ಹೋದರು. ಹಿಂದಿನ ಬೀದಿ ಒಂದಲ್ಲ, ಬಾಗಿಲಿಗೊಬ್ಬರನ್ನು ಕೇಳುತ್ತಾ ಅಲೆದರೆಂದು ಆಮೇಲೆ ತಿಳಿಯಿತು. "ಅಮ್ಮಾ, ಬೆಳಕಾಗ್ತಾ ಐತೆ" ಎಂದು ಜಟಕಾ ಸಾಬಿ ಮತ್ತೆ ಮತ್ತೆ ಹೇಳಿದ. ಹಿರಿಯರನ್ನು ಬಿಟ್ಟು ಗಾಡಿ ಹೊಡೆಸುವ ಧೈರ್ಯ ನಮ್ಮಿಬ್ಬರಿಗೂ ಬರಲಿಲ್ಲ. ಬೀಗದಕೈ ಬಂತು. ಅವಸರದಲ್ಲಿ ದೊಡ್ಡಪ್ಪನಿಗೆ ಬೀಗ ತೆಗೆಯಲಾಗದೆ ನಾನೇ ಇಳಿದು ತೆಗೆದೆ. ಗಂಟು ಎತ್ತಿಕೊಂಡು ದೊಮ್ಮಲೂರಿನ ದಾರಿ ಹಿಡಿದಾಗ, ಎದುರಿನ ಮರಗಳ ಮೇಲಿಂದ ವಿಮಾನ ಎದ್ದಿತು. ಆದರೂ ಗೇಟಿನವರೆಗೂ ಹೋದೆವು. ಕಾವಲಿನವನು ಕೈ ಮೇಲೆತ್ತಿ ಆಕಾಶ ತೋರಿಸಿದ.

ಭಾನುವಾರ ಸಂಜೆ ಊರಿಗೆ ಬಂದಾಗ ರಾಹುಕಾಲ. "ಒಂದ್ ಗಳಿಗೆ ಜಗಲಿ ಮೇಲೆ ಕೂತಿರಮ್ಮಾ" ಎಂದರು ದೊಡ್ಡಪ್ಪ, ಅಭ್ಯಾಸ. ಅತ್ತಿಗೆ ಮಗುವನ್ನು ಸೊಂಟಕ್ಕೇರಿಸಿಕೊಂಡು, "ಇನ್ನೇನ್ ಕೆಡ್ಬೇಕು ಮಾವ?" ಎಂದು ಹೊಸಿಲು ದಾಟಿ ಒಳಗೆ ಹೋದಳು. ಮಳೆಗಾಲ ಮುಗಿಯುವುದರೊಳಗೆ ತಂತಿ ಬಂತು.

ಯುದ್ಧ ಮುಗಿದ ಮೇಲೆ ಆ ಸಿಪಾಯಿ ಬದುಕಿ ಬಂದ. ದೊಡ್ಡಪ್ಪನ ಎದುರಿಗೇ ಕೂತು ಹೇಳಿದ: "ವಿಮಾನ ಹತ್ತೋವರ್ಗೂ ರಸ್ತೇನೇ ನೋಡ್ತಿದ್ದ. ಯಾವ ಗಾಡಿ ಸದ್ದಾದ್ರೂ 'ಬಂದ್ರು ಕಣ್ಲಾ' ಅನ್ನೋನು." ಅಂದಿನಿಂದ ಸಾಯುವವರೆಗೆ ದೊಡ್ಡಪ್ಪ ಯಾರಿಗೂ ಒಳ್ಳೆಯ ದಿನ ನೋಡಿ ಹೇಳಲಿಲ್ಲ.

ಇದನ್ನು ಬರೆಯಲು ಕೂತಾಗ ಆ ಮುದುಕನ ಮೇಲಿನ ಹಳೆಯ ಸಿಟ್ಟನ್ನು ತೀರಿಸಿಕೊಂಡುಬಿಡಬೇಕು ಎಂದುಕೊಂಡಿದ್ದೆ. ಎಷ್ಟು ವರ್ಷ ಹಲ್ಲು ಕಚ್ಚಿ ಇಟ್ಟುಕೊಂಡಿದ್ದೆನೋ! ಬರೆಯುತ್ತಾ ಹೋದ ಹಾಗೆ ಅದು ಎಲ್ಲಿ ಹೋಯಿತೋ ತಿಳಿಯದು. ಈಗಲೂ ಒಂದು ವಿಮಾನ ಹೋಯಿತು, ಸೊಸೆ ಏನೋ ಕೂಗುತ್ತಿದ್ದಾಳೆ. ಅಣ್ಣನನ್ನು ಒಂದು ಸಲ ಕಣ್ಣಾರೆ ನೋಡಬೇಕು ಎಂಬುದು ನಮ್ಮ ಆಸೆಯಾಗಿತ್ತು. ಅಣ್ಣ ಬದುಕಿ ಬರಬೇಕು ಎಂಬುದು ದೊಡ್ಡಪ್ಪನದು. ಎರಡೂ ಆಗಲಿಲ್ಲ.